ಕುರ್ಚಿಯಿಂದ ಏಳೋದು 4ರಿಂದ 11ಕ್ಕೆ ಬಂತು, ಮತ್ತೆ 6ಕ್ಕೆ ಇಳೀತು. ಆರ್‌ಎ ಇರೋರು ಭಾರ ಎತ್ತೋದು ಹೇಗೆ?

ಹಾವುಏಣಿ68 ಬರೆದಿದ್ದು:

ಎಲ್ರಿಗೂ ನಮಸ್ಕಾರ. ನನಗೆ 68, ರುಮಟಾಯ್ಡ್ ಆರ್ತ್ರೈಟಿಸ್ (ಆರ್‌ಎ, ಕೀಲು ಊದೋ ಕಾಯಿಲೆ) ಬಂದು 19 ವರ್ಷ ಆಯ್ತು. ಅದಕ್ಕೆ ವಾರಕ್ಕೊಂದ್ಸಲ ಮೆಥೊಟ್ರೆಕ್ಸೇಟ್ ಅನ್ನೋ ಮಾತ್ರೆ, ದಿನಾ ಸ್ಟೆರಾಯ್ಡ್ ಮಾತ್ರೆ, ಮೂರು ವರ್ಷದಿಂದ ಶುಗರ್ರು, ಹೋದ ವರ್ಷ ಡೆಕ್ಸಾ ಸ್ಕ್ಯಾನ್ ಮಾಡ್ಸಿದಾಗ ಮೂಳೆ ಸವೆದಿದೆ ಅಂತ ಬಂತು. ಫೈಲ್ ಓದಿದ್ರೆ ಯಾರ್ದೋ ಬೇರೆಯವರದು ಅನ್ಸುತ್ತೆ.

ಒಂದಿನ ಕಮೋಡ್‌ನಿಂದ ಏಳಕ್ಕೆ ಆಗ್ಲಿಲ್ಲ. ನೋವಿಂದಲ್ಲ, ನೋವಾದ್ರೆ 19 ವರ್ಷದ ಪರಿಚಯ, ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ. ತೊಡೇಲಿ ಶಕ್ತಿನೇ ಇಲ್ಲ, ಗೋಡೆ ಹಿಡ್ಕೊಂಡು ಮೂರನೇ ಸಲಕ್ಕೆ ಎದ್ದೆ. ಆವತ್ತೇ ಮೊಮ್ಮಗನ ರೂಮಲ್ಲಿ ಧೂಳು ತಿಂತಿದ್ದ ಡಂಬಲ್ ಎತ್ಕೊಂಡು ಬಂದೆ. ಡಾಕ್ಟ್ರನ್ನ ಕೇಳಿದ್ದಕ್ಕೆ ಮಾಡಿ ಮಾಡಿ ಒಳ್ಳೇದು ಅಂದು ಮುಂದಿನ ಪೇಷಂಟನ್ನ ಕರೆದ್ರು.

ಆರು ವಾರ ಚೆನ್ನಾಗೇ ಹೋಯ್ತು. ಕೈ ಊರದೆ ಕುರ್ಚಿಯಿಂದ ಎದ್ದು ಕೂರೋದು ಅರ್ಧ ನಿಮಿಷಕ್ಕೆ 4 ಆಗ್ತಿದ್ದಿದ್ದು 11 ಆಯ್ತು, ಮೆಟ್ಟಿಲಲ್ಲಿ ರೇಲಿಂಗ್ ಹಿಡಿಯೋದು ಮರೆತೇ ಹೋಗ್ತಿತ್ತು. ಆಮೇಲೆ ಫ್ಲೇರ್ ಬಂತು ನೋಡಿ, ಅಂದ್ರೆ ಕಾಯಿಲೆ ಕೆರಳೋದು, ಎರಡೂ ಮಣಿಕಟ್ಟು, ಬೆರಳ ಗೆಣ್ಣು, ಬಲ ಮಂಡಿ ಊದ್ಕೊಂಡು ಹದಿನೆಂಟು ದಿನ ಹಾಸಿಗೆ. ಎದ್ದು ನೋಡಿದ್ರೆ 6. ಮತ್ತೆ ಶುರು ಮಾಡಿ 10ಕ್ಕೆ ತಂದೆ, ಮತ್ತೆ ಫ್ಲೇರ್. ಈಗ ಮೂರನೇ ಸಲ ಶುರು ಮಾಡ್ಬೇಕು, ಮನಸ್ಸೇ ಬರ್ತಿಲ್ಲ. ಹಾವು ಏಣಿ ಆಟದಲ್ಲಾದ್ರೂ ಒಂದು ಕಡೆ ಮುಗಿಯುತ್ತೆ.

ಫ್ಲೇರ್ ಟೈಮಲ್ಲಿ ಪೂರ್ತಿ ನಿಲ್ಲಿಸ್ಬೇಕಾ ಏನಾದ್ರೂ ಮಾಡ್ಬಹುದಾ, ಮತ್ತೆ ಶುರು ಮಾಡೋವಾಗ ಎಲ್ಲಿಂದ ಮಾಡ್ಬೇಕು, ಇದು ಮುಖ್ಯ ಪ್ರಶ್ನೆ. ಇನ್ನೊಂದು, ಡಂಬಲ್ ಹಿಡಿಯಕ್ಕೆ ಬೆರಳು ಮಡಚಲ್ಲ, ರಬ್ಬರ್ ಬ್ಯಾಂಡ್ ಸುತ್ಕೊಂಡ್ರೆ ಅಂಗೈ ಕೊಯ್ಯುತ್ತೆ. ಇದೇ ಥರ ಕಾಯಿಲೆ ಇಟ್ಕೊಂಡು ಮಾಡ್ತಿರೋರು ಇದ್ರೆ ಹೇಳಿ, ಇಪ್ಪತ್ತೈದು ವಯಸ್ಸಿನವರ ವಿಡಿಯೋ ಲಿಂಕ್ ಹಾಕ್ಬೇಡಿ ದಯವಿಟ್ಟು, ನೋಡಿ ನೋಡಿ ಸಾಕಾಗಿದೆ.


ಸಂಜೆವಾಕ್ ಬರೆದಿದ್ದು:

ಅಕ್ಕ, ಬೇಜಾರು ಮಾಡ್ಕೋಬೇಡಿ, ಈ ವಯಸ್ಸಲ್ಲಿ ಭಾರ ಗೀರ ಯಾಕೆ. ವಾಕಿಂಗ್ ಮಾಡಿ ಸಾಕು. ನಮ್ಮ ತಂದೆ 91ರ ತನಕ ಇದ್ರು, ಡಂಬಲ್ ಅಂದ್ರೆ ಏನು ಅಂತ ಗೊತ್ತಿರ್ಲಿಲ್ಲ ಅವ್ರಿಗೆ. ಇರೋ ಕೀಲನ್ನ ಜೋಪಾನ ಮಾಡ್ಕೊಳ್ಳಿ. ಮಾಡ್ಲೇಬೇಕು ಅಂದ್ರೆ ಜೊತೆಗೆ ಪ್ರೊಟೀನ್ ಪುಡಿ ಶುರು ಮಾಡಿ, ಅದಿಲ್ದೆ ಪ್ರಯೋಜನ ಇಲ್ಲ ಅಂತಾರೆ.


ರಿಟೈರ್ಡ್‌ಫಿಸಿಯೋ ಬರೆದಿದ್ದು:

ಮೇಡಂ, 34 ವರ್ಷ ಫಿಸಿಯೋಥೆರಪಿ ಮಾಡಿ ರಿಟೈರ್ ಆಗಿದೀನಿ, ಈಗ ನನಗೇ ಸೊಂಟ ನೋವು, ನಗಬೇಡಿ. ನಿಮ್ಮನ್ನ ಕಣ್ಣಾರೆ ನೋಡ್ದೆ ಖಡಾಖಂಡಿತವಾಗಿ ಹೇಳಕ್ಕಾಗಲ್ಲ, ಸಾಮಾನ್ಯವಾಗಿ ನಾವು ಹೇಳೋದನ್ನ ಬರೀತೀನಿ.

ನೀವು ಬರೆದಿದ್ರಲ್ಲಿ ನನ್ನ ಕಣ್ಣು ನಿಂತಿದ್ದು ಕಮೋಡ್ ವಿಷಯದ ಮೇಲೆ. ನೋವಿಲ್ಲ ಆದ್ರೆ ತೊಡೇಲಿ ಶಕ್ತಿ ಇಲ್ಲ ಅಂದ್ರಲ್ಲ, ಅದು ವಯಸ್ಸಿಂದ ಇರಬಹುದು, ಆರ್‌ಎಯಿಂದ ಇರಬಹುದು, ಆದ್ರೆ ವರ್ಷಗಟ್ಟಲೆ ಸ್ಟೆರಾಯ್ಡ್ ತಗೊಂಡೋರಿಗೂ ಸೊಂಟದ ಸುತ್ತ, ತೊಡೆ, ಭುಜದ ಸ್ನಾಯು ಹೀಗೇ ನೋವಿಲ್ದೆ ಸೊರಗುತ್ತೆ. ತಲೆ ಬಾಚೋವಾಗ ಕೈ ಸೋತು ಕೆಳಗೆ ಬರುತ್ತಾ ಗಮನಿಸಿ. ಡಾಕ್ಟ್ರ ಹತ್ರ ಸುಸ್ತು ಅಂತ ಹೇಳ್ಬೇಡಿ, ಸುಸ್ತು ಅಂತ ದಿನಕ್ಕೆ ನಲವತ್ತು ಜನ ಹೇಳ್ತಾರೆ ಅವ್ರಿಗೆ, ಕೈ ಊರದೆ ಏಳಕ್ಕಾಗಲ್ಲ ಅಂತ ಹೇಳಿ, ಆಗ ಪೆನ್ನು ಕೆಳಗಿಡ್ತಾರೆ. ಮಾತ್ರೆ ಮಾತ್ರ ನೀವಾಗೇ ನಿಲ್ಲಿಸ್ಬೇಡಿ, ತುಂಬಾ ದಿನ ತಗೊಂಡ ಸ್ಟೆರಾಯ್ಡನ್ನ ದಿಢೀರ್ ಬಿಟ್ರೆ ಜೀವಕ್ಕೇ ಅಪಾಯ.

ಇನ್ನು ಪ್ರಶ್ನೆಗೆ ಬರೋಣ. ಬಿಟ್ರೆ ಬಲ ಇಳಿಯೋದು ನಿಮಗೊಬ್ಬರಿಗೇ ಆಗೋದಲ್ಲ. 1990ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ರು, ವೃದ್ಧಾಶ್ರಮದಲ್ಲಿದ್ದ ಸುಮಾರು 90 ವಯಸ್ಸಿನ 10 ಜನಕ್ಕೆ 8 ವಾರ ಕಾಲಲ್ಲಿ ಭಾರ ಎತ್ತಿಸಿದ್ರು. ತೂಕ ಸುಮ್ನೆ ಹೆಸರಿಗೆ ಇಟ್ಟಿದ್ದಲ್ಲ, ಒಂದೇ ಸಲ ಎತ್ತಬಲ್ಲ ಗರಿಷ್ಠದ ಶೇಕಡಾ 80ರ ತನಕ. ಒಬ್ರು ಮಧ್ಯದಲ್ಲಿ ಬಿಟ್ರು, ಉಳಿದ 9 ಜನರ ಬಲ ಸರಾಸರಿ ಶೇಕಡಾ 174 ಏರ್ತು, ಇಬ್ರು ಕೋಲು ಬಿಟ್ಟು ನಡೆದ್ರು. ಈ ಕಥೆ ಎಲ್ರೂ ಹೇಳ್ತಾರೆ. ಯಾರೂ ಹೇಳ್ದೆ ಇರೋದು ಏನಂದ್ರೆ ಅದೇ ಜನ ನಾಲ್ಕು ವಾರ ಬಿಟ್ಟಾಗ ಬಲದಲ್ಲಿ ಶೇಕಡಾ 32 ಹೋಯ್ತು. ಹಾಗಾಗಿ ನಿಮ್ಮ 11 ಇದ್ದಿದ್ದು 6 ಆಗಿದ್ದಕ್ಕೆ ನಿಮ್ಮ ಸೋಮಾರಿತನ ಕಾರಣ ಅಂದ್ಕೋಬೇಡಿ. ಬಂದ ಬಲವನ್ನ ಉಳಿಸ್ಕೊಳ್ಳಕ್ಕೆ ಮಾತ್ರ ತುಂಬಾ ಕಮ್ಮಿ ಕೆಲಸ ಸಾಕು, ಹೊಸದಾಗಿ ಬಲ ಬರ್ಬೇಕು ಅಂದ್ರೆ ವಾರಕ್ಕೆ ಎರಡು ಮೂರು ದಿನ ಬೇಕು, ಇರೋದನ್ನ ಹಿಡಿದಿಡಕ್ಕೆ ಒಂದು ದಿನದಲ್ಲೂ ನಡೆಯುತ್ತೆ.

ಅದಕ್ಕೇ ಎರಡು ಪಟ್ಟಿ ಬರ್ಕೊಳ್ಳಿ. ಚೆನ್ನಾಗಿರೋ ದಿನದ್ದು ಒಂದು, ಊದ್ಕೊಂಡ ದಿನದ್ದು ಒಂದು. ಚೆನ್ನಾಗಿರೋವಾಗಲೇ ಎರಡನ್ನೂ ಬರೆದಿಡಿ, ಫ್ಲೇರ್ ಬಂದಾಗ ಯೋಚನೆ ಮಾಡೋ ತ್ರಾಣ ಇರಲ್ಲ. ಊದಿರೋ, ಬಿಸಿ ಇರೋ ಕೀಲಿಗೆ ಭಾರ ಬೇಡ್ವೇ ಬೇಡ. ಆದ್ರೆ ಮಲಗಿದಲ್ಲೇ ಮಂಡಿ ಅಲುಗಿಸ್ದೆ ತೊಡೆ ಬಿಗಿ ಹಿಡಿದು ಐದಾರು ಸೆಕೆಂಡ್ ಬಿಡೋದು, ಕುಂಡಿ ಸ್ನಾಯು ಬಿಗಿ ಮಾಡೋದು, ಪಾದ ಮೇಲೆ ಕೆಳಗೆ ಮಾಡೋದು, ಇಷ್ಟು ಮಾಡ್ಬಹುದು. ಹತ್ತು ನಿಮಿಷದ ಕೆಲಸ. ಒಂದು ಮಂಡಿ ಊದಿದ್ರೆ ಇನ್ನೊಂದು ಕಾಲಿಗೆ ರಜ ಕೊಡ್ಬೇಕಾಗಿಲ್ಲ.

ವಾಪಸ್ ಬರೋವಾಗ ನಿಲ್ಲಿಸಿದ ಜಾಗಕ್ಕೆ ನೇರ ಹೋಗ್ಬೇಡಿ, ಅರ್ಧದಿಂದ ಶುರು ಮಾಡಿ. ಎರಡು ಸಲ ಮಾಡಿ ಮಾರನೇ ದಿನ ಕೀಲು ಸುಮ್ನಿದ್ರೆ ಸ್ವಲ್ಪ ಏರ್ಸಿ. ಜಾಸ್ತಿ ಆಯ್ತಾ ಇಲ್ವಾ ಅಂತ ನೋಡಕ್ಕೆ ಹಳೇ ಲೆಕ್ಕ ಒಂದಿದೆ, ವ್ಯಾಯಾಮ ಮುಗಿದು ಎರಡು ಗಂಟೆ ಆದ್ಮೇಲೂ ಕೀಲು ನೋವು ಮುಂಚೆಗಿಂತ ಜಾಸ್ತಿ ಇದ್ರೆ ಆವತ್ತು ಹೆಚ್ಚಾಯ್ತು ಅಂತ ಅರ್ಥ. ಮಾಂಸಖಂಡದ ನೋವು ಬೇರೆ, ಅದು ಮಾರನೇ ದಿನ ಶುರುವಾಗಿ ಎರಡು ಮೂರು ದಿನದಲ್ಲಿ ಹೋಗುತ್ತೆ, ಮುಟ್ಟಿದ್ರೆ ತೊಡೆ ಮಧ್ಯದಲ್ಲಿ ನೋಯುತ್ತೆ, ಗೆಣ್ಣು ಬಿಸಿ ಆಗಲ್ಲ, ಬೆಳಗಿನ ಬಿಗಿತ ಜಾಸ್ತಿ ಆಗಲ್ಲ.

ಕೈಗೆ ಡಂಬಲ್ ಯಾಕೆ? ಮಣಿಕಟ್ಟಿಗೆ, ಪಾದದ ಗಂಟಿಗೆ ಕಟ್ಕೊಳ್ಳೋ ವೆಲ್ಕ್ರೋ ಇರೋ ಮರಳಿನ ಪಟ್ಟಿ ಬರುತ್ತಲ್ಲ ಅದು ತಗೊಳ್ಳಿ. ಮಣಿಕಟ್ಟೂ ನೋವಿದ್ರೆ ಮುಂದೋಳಿಗೆ, ಮೊಣಕೈಗಿಂತ ಸ್ವಲ್ಪ ಕೆಳಗೆ ಕಟ್ಟಿ, ಬೆರಳಿಗೆ ಕೆಲಸಾನೇ ಇಲ್ಲ. ಬೆರಳಿಗೆ ಬೇರೆ ವ್ಯಾಯಾಮ ಇದೆ, ಹಗುರದ್ದು. ಬ್ರಿಟನ್ನಲ್ಲಿ 490 ಆರ್‌ಎ ಪೇಷಂಟುಗಳ ಮೇಲೆ ಮಾಡಿದ ಅಧ್ಯಯನ 2015ರಲ್ಲಿ ಬಂತು, ಕೈ ಬೆರಳಿನ ವ್ಯಾಯಾಮ ಕ್ರಮವಾಗಿ ಏರಿಸ್ಕೊಂಡು ಮಾಡಿದವರ ಕೈ ಕೆಲಸ ಒಂದು ವರ್ಷ ಆದ್ಮೇಲೂ ಉಳಿದವರಿಗಿಂತ ಚೆನ್ನಾಗಿತ್ತು. ಕೈ ನೋಡೋ ಥೆರಪಿಸ್ಟ್ ಹತ್ರ ಒಂದ್ಸಲ ಕಲೀರಿ.

ಮೂಳೆ ಸವೆದಿದೆ ಅಂದ್ರಿ, ಮಲಗಿ ಎದ್ದು ಮುಂದೆ ಬಗ್ಗೋ ಸಿಟಪ್ಸ್ ಬೇಡ, ಬೆನ್ನು ಬಗ್ಗಿಸಿ ನೆಲದಿಂದ ಏನೂ ಎತ್ಬೇಡಿ, ಬೆನ್ನುಮೂಳೆ ಮುಂಭಾಗ ಕುಸಿಯೋದು ಅಲ್ಲೇ. ಮತ್ತೆ ಇಷ್ಟು ವರ್ಷದ ಆರ್‌ಎಯಲ್ಲಿ ಕತ್ತಿನ ಮೇಲಿನ ಎರಡು ಮೂಳೆ ಸಡಿಲ ಆಗಿರೋ ಸಾಧ್ಯತೆ ಇರುತ್ತೆ, ತಲೆ ಹಿಂಭಾಗ ನೋವು, ಕೈ ಕಾಲಲ್ಲಿ ಜುಮ್ ಅನ್ನೋದು ಇದ್ರೆ ಮೊದಲು ಅದನ್ನ ತೋರಿಸಿ, ಆಮೇಲೆ ಬಾಕಿದು.

ಸಂಜೆವಾಕ್ ಸರ್, ವಾಕಿಂಗ್ ಒಳ್ಳೇದೇ, ಅದು ಬೇರೆ ಕೆಲಸ ಮಾಡುತ್ತೆ. ಕಮೋಡ್‌ನಿಂದ ಏಳಕ್ಕೆ ಬೇಕಾದ ತೊಡೆ ಬಲ ಸಮತಟ್ಟು ರಸ್ತೇಲಿ ನಡೆದ್ರೆ ಬರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಲಿ ವಯಸ್ಸಾದವರಿಗೂ, ದೀರ್ಘಕಾಲದ ಕಾಯಿಲೆ ಇರೋರಿಗೂ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲದ ವ್ಯಾಯಾಮ, 3 ದಿನ ಬ್ಯಾಲೆನ್ಸ್‌ದೂ ಸೇರಿದ ವ್ಯಾಯಾಮ ಅಂತ ಇದೆ. ಪುಡಿ ವಿಷಯ ತಿರುವುಮುರುವು ಆಗಿದೆ ನಿಮ್ದು. 1994ರಲ್ಲಿ ಸರಾಸರಿ 87 ವಯಸ್ಸಿನ 100 ಜನರ ಮೇಲೆ 10 ವಾರ ನೋಡಿದ್ರು, ವ್ಯಾಯಾಮ ಮಾಡ್ದೆ ಪೌಷ್ಟಿಕ ಪಾನೀಯ ಮಾತ್ರ ಕುಡಿದವರಿಗೆ ಬಲದಲ್ಲಿ ಏನೂ ಲಾಭ ಆಗ್ಲಿಲ್ಲ. ಕಿಡ್ನಿ ಸರಿ ಇಲ್ದೇ ಇರೋರು ಪುಡಿ ತಗೊಂಡ್ರೆ ಉಲ್ಟಾ ತೊಂದ್ರೆ. ಮೇಡಂ, ಶುಗರ್ ಇದೆ ನಿಮಗೆ, ಕಿಡ್ನಿ ರಿಪೋರ್ಟ್ ನೋಡ್ದೆ ಮುಟ್ಬೇಡಿ.


ಮೂರುಸ್ಟೆಂಟ್ ಬರೆದಿದ್ದು:

ಫಿಸಿಯೋ ಸರ್ ಹೇಳಿದ ಮೇಲೆ ನಾನೇನು ಹೇಳೋದು, ಆದ್ರೂ ಸುಮ್ನಿರಕ್ಕಾಗಲ್ಲ. 74 ನನಗೆ, ಸ್ಟೆಂಟ್ ಎಷ್ಟು ಅಂತ ಹೆಸರಲ್ಲೇ ಇದೆ, ಬಿಪಿಗೆ ಶುಗರ್ರಿಗೆ ಮಾತ್ರೆ. ಹಾರ್ಟ್ ಪೇಷಂಟುಗಳಿಗೆ ವ್ಯಾಯಾಮ ಮಾಡ್ಸೋ ಕಾರ್ಡಿಯಾಕ್ ರಿಹ್ಯಾಬ್‌ನಲ್ಲಿ ಮೊದಲ ದಿನವೇ ಬೈಸ್ಕೊಂಡೆ, ಯಾಕಂದ್ರೆ ಎತ್ತೋವಾಗ ಹಲ್ಲು ಕಚ್ಚಿ ಉಸಿರು ಕಟ್ಟೋದು ನನ್ನ ಅಭ್ಯಾಸ, ಗ್ಯಾಸ್ ಸಿಲಿಂಡರ್ ಎತ್ತೋ ಗಂಡಸರೆಲ್ಲ ಹಾಗೇ ಮಾಡೋದು. ಉಸಿರು ಕಟ್ಟಿ ಎತ್ತಿದ್ರೆ ಬಿಪಿ ಎಲ್ಲಿಗೆ ಹೋಗುತ್ತೆ ಗೊತ್ತಾ, 1985ರಲ್ಲಿ ಕೆನಡಾದಲ್ಲಿ ಬಾಡಿಬಿಲ್ಡರ್‌ಗಳ ರಕ್ತನಾಳದೊಳಗೇ ನಳಿಕೆ ಇಟ್ಟು ಅಳೆದಿದಾರೆ, ಎರಡೂ ಕಾಲಲ್ಲಿ ತುಂಬಾ ಭಾರ ತಳ್ಳೋವಾಗ ಸರಾಸರಿ 320/250 ಬಂತಂತೆ! ಅವ್ರು ಗಟ್ಟಿಮುಟ್ಟಾದ ಹುಡುಗ್ರು, ನಾವು ಹಂಗಲ್ಲ. ಏಳೋವಾಗ ಉಸಿರು ಬಿಡ್ಬೇಕು, ಕೂರೋವಾಗ ತಗೋಬೇಕು. ಇದು ನೆನಪಿರಲ್ಲ ಅಂದ್ರೆ ಜೋರಾಗಿ ಎಣಿಸಿ, ಒಂದೂ ಎರಡೂ ಅಂತ ಬಾಯ್ಬಿಟ್ಟು ಎಣಿಸ್ತಾ ಉಸಿರು ಕಟ್ಟಕ್ಕೆ ಯಾರ್ಗೂ ಆಗಲ್ಲ, ಅಷ್ಟೇ ಗುಟ್ಟು.

ಇನ್ನೊಂದು, ಕೈಗಡಿಯಾರದಲ್ಲಿ ಹಾರ್ಟ್ ಬೀಟ್ ನೋಡ್ಕೊಂಡು ಮಾಡಿ ಅಂತ ನಮ್ಮ ಅಳಿಯ ಒಂದು ವಾಚ್ ತಂದ್ಕೊಟ್ಟ. ನಾನು ಬೀಟಾ ಬ್ಲಾಕರ್ ತಗೊಳ್ಳೋದು, ಹಾರ್ಟ್ ಬೀಟ್ ತಗ್ಗಿಸೋ ಮಾತ್ರೆ ಅದು, ಕತ್ತೆ ಥರ ಕೆಲಸ ಮಾಡಿದ್ರೂ ನನ್ನ ಬೀಟ್ ಅಷ್ಟು ಏರೋದೇ ಇಲ್ಲ, ವಾಚ್ ನೀನು ರೆಸ್ಟ್ ಮಾಡ್ತಿದೀಯಾ ಅನ್ನುತ್ತೆ. ಈ ಮಾತ್ರೆ ತಗೊಳ್ಳೋರು ಅದನ್ನ ನಂಬ್ಬೇಡಿ. ಹತ್ತಕ್ಕೆ ಎಷ್ಟು ಕಷ್ಟ ಅಂತ ನಮ್ಮನ್ನ ನಾವೇ ಕೇಳ್ಕೊಳ್ಳೋದು, ನಾನು ಐದಾರಲ್ಲಿ ಇರ್ತೀನಿ, ಪಕ್ಕದಲ್ಲಿರೋರ ಜೊತೆ ಒಂದು ವಾಕ್ಯ ಪೂರ್ತಿ ಮಾತಾಡಕ್ಕೆ ಆಗ್ಬೇಕು. ಎದೆ ಹಿಡ್ಕೊಂಡ್ರೆ, ತಲೆ ತಿರುಗಿದ್ರೆ, ತಣ್ಣನೆ ಬೆವರು ಬಂದ್ರೆ ಆವತ್ತಿಗೆ ಮುಗೀತು, ಇನ್ನೊಂದು ಸೆಟ್ ಮುಗಿಸಿ ನೋಡ್ತೀನಿ ಅನ್ನೋ ಧಿಮಾಕು ಬೇಡ. ಆ ಧಿಮಾಕಿಂದಲೇ ಮೂರನೇ ಸ್ಟೆಂಟ್ ಬಂದಿದ್ದು.

ಅಮ್ಮ, ನೀವು ಶುಗರ್‌ಗೆ ಏನು ತಗೊಳ್ತೀರಿ? ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ್ದಾದ್ರೆ ಮಾಡೋ ಮುಂಚೆ ಒಂದ್ಸಲ ಚುಚ್ಚಿ ನೋಡಿ, 90ಕ್ಕಿಂತ ಕಮ್ಮಿ ಇದ್ರೆ ಏನಾದ್ರೂ ತಿಂದು ಆಮೇಲೆ. ಕೆಲಸ ಮಾಡೋ ಸ್ನಾಯು ಇನ್ಸುಲಿನ್ ಇಲ್ದೇನೂ ಸಕ್ಕರೆ ಎಳ್ಕೊಳ್ಳುತ್ತೆ, ನನಗೆ ಒಂದ್ಸಲ ಸಾಯಂಕಾಲ ಮಾಡಿದ್ದಕ್ಕೆ ರಾತ್ರಿ ಎರಡು ಗಂಟೆಗೆ ಇಳಿದು ಮನೆಯೋರ್ನೆಲ್ಲ ಎಬ್ಬಿಸಿದ್ದಾಯ್ತು. ಕಣ್ಣಿನ ಪರದೆ ಚೆಕ್ ಮಾಡ್ಸಿದೀರಲ್ಲ? ಶುಗರ್‌ನಿಂದ ಪರದೆಲಿ ಹೊಸ ರಕ್ತನಾಳ ಹುಟ್ಟಿದ್ರೆ ತಿಣುಕಿ ಭಾರ ಎತ್ತೋದು ಅಪಾಯ, ಒಳಗೇ ರಕ್ತ ಚಿಮ್ಮುತ್ತೆ.


ಬ್ಯಾಟರಿ20 ಬರೆದಿದ್ದು:

ಒಂದು ಎಚ್ಚರಿಕೆ ಹೇಳ್ಬೇಕು, ಯಾರೂ ಹೇಳ್ತಿಲ್ಲ. ನನಗೆ 61, ವೈರಲ್ ಜ್ವರ ಆದ್ಮೇಲೆ ಎಂಇ/ಸಿಎಫ್‌ಎಸ್, ಅಂದ್ರೆ ವರ್ಷಗಟ್ಟಲೆ ಬಿಡದ ಸುಸ್ತಿನ ಕಾಯಿಲೆ. ನಮ್ಮ ಕಾಯಿಲೇಲಿ ಸ್ವಲ್ಪ ಸ್ವಲ್ಪ ಏರಿಸ್ಕೊಂಡು ಹೋಗಿ ಅನ್ನೋ ಸಲಹೆನೇ ವಿಷ. ಆವತ್ತು ಏನೂ ಆಗಲ್ಲ, ಒಂದು ದಿನ ಎರಡು ದಿನ ಬಿಟ್ಟು ಕೆಡವುತ್ತೆ, ವಾರಗಟ್ಟಲೆ. ಚಿಕಿತ್ಸೆ ಹೇಗೆ ಕೊಡ್ಬೇಕು ಅಂತ ಹೇಳೋ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಈ ಕಾಯಿಲೆಗೆ ಹಂತ ಹಂತವಾಗಿ ಏರಿಸೋ ವ್ಯಾಯಾಮ ಕೊಡ್ಬೇಡಿ ಅಂತ ಮಾರ್ಗಸೂಚಿ ಬದಲಾಯಿಸ್ತು. ಅದಕ್ಕೆ ಮುಂಚೆ ಒಬ್ರು ಥೆರಪಿಸ್ಟ್ ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಂತ ಮಾಡ್ಸಿ ಮಾಡ್ಸಿ ನನ್ನನ್ನ ಹಾಸಿಗೆ ಹಿಡ್ಸಿದ್ರು.

ನಿಮ್ದು ಆರ್‌ಎ, ಬೇರೆ. ಫಿಸಿಯೋ ಅವರು ಹೇಳಿದ್ದು ನಿಮಗೆ ಸರಿ ಹೋಗ್ಬಹುದು. ಆದ್ರೆ ಇದನ್ನ ಓದೋ ಎಲ್ರ ಕಾಯಿಲೆನೂ ಒಂದೇ ಅಲ್ಲ. ಒಂದು ಮಾತ್ರ ನಿಮಗೂ ಉಪಯೋಗ ಆಗುತ್ತೆ, ಡೈರಿ ಇಡಿ. ಮಾಡಿದ್ದು ಏನು, ಮಾರನೇ ದಿನ ಹೇಗಿತ್ತು, ಮೂರನೇ ದಿನ ಹೇಗಿತ್ತು. ಮೂರು ವಾರ ಬರೆದ್ರೆ ಏನೋ ಒಂದು ಕಾಣುತ್ತೆ.


ಅಮ್ಮನಮಗಳು ಬರೆದಿದ್ದು:

ನಮ್ಮಮ್ಮಂಗೆ 83, ಸಿಒಪಿಡಿ ಅನ್ನೋ ಶ್ವಾಸಕೋಶದ ಕಾಯಿಲೆ, ಆಕ್ಸಿಜನ್ ಮೆಷಿನ್ ಪಕ್ಕದಲ್ಲೇ ಇರುತ್ತೆ. ನಮಗೆ ಗೊತ್ತೇ ಇರ್ಲಿಲ್ಲ, ಅವ್ರು ನಡಿಯೋದು ನಿಲ್ಸಿದ್ದು ಶ್ವಾಸಕೋಶದಿಂದ ಮಾತ್ರ ಅಲ್ಲ, ಕಾಲಲ್ಲಿ ಬಲ ಇಲ್ದೆ ಅಂತ, ಶ್ವಾಸಕೋಶದ ಪೇಷಂಟುಗಳಿಗೆ ವ್ಯಾಯಾಮ ಮಾಡ್ಸೋ ಪಲ್ಮನರಿ ರಿಹ್ಯಾಬ್‌ನವರು ಹೇಳಿದ್ಮೇಲೆ ತಿಳೀತು, ದಮ್ಮು ಬರುತ್ತೆ ಅಂತ ಕೂರೋದು, ಕೂತು ಕೂತು ಕಾಲು ಸೊರಗೋದು, ಸೊರಗಿದ ಕಾಲಿಗೆ ಇನ್ನೂ ಬೇಗ ದಮ್ಮು ಬರೋದು.

ಈಗ ದಿಂಬು ಹಾಕಿ ಎತ್ತರ ಮಾಡಿದ ಕುರ್ಚಿಲಿ ಮೂರು ಸಲ ಏಳ್ತಾರೆ, ತುಟಿ ಸೀಟಿ ಹೊಡಿಯೋ ಥರ ಮಾಡಿ ನಿಧಾನಕ್ಕೆ ಉಸಿರು ಬಿಡ್ತಾರೆ, ಎರಡು ನಿಮಿಷ ಕೂರ್ತಾರೆ, ಮತ್ತೆ ಮೂರು. ಬೆರಳಿಗೆ ಆಕ್ಸಿಮೀಟರ್, 88ಕ್ಕಿಂತ ಕೆಳಗೆ ಹೋದ್ರೆ ನಿಲ್ಸಿ ಅಂದಿದಾರೆ. ಎರಡು ತಿಂಗಳಿಗೆ ಒಂದು ದಿಂಬು ತೆಗೆದ್ವಿ. ಹೇಳಿದ್ರೆ ನಗ್ತೀರೇನೋ, ದಿಂಬು ತೆಗೆದ ದಿನ ಮನೇಲಿ ಹಬ್ಬ. ಆಂಟಿ, ನೀವೂ ಫ್ಲೇರ್ ಆದ್ಮೇಲೆ ಎಣಿಕೆ ನೋಡಿ ಬೇಜಾರಾಗೋ ಬದ್ಲು ದಿಂಬು ಹಾಕ್ಕೊಂಡು ಶುರು ಮಾಡಿ, ಎತ್ತರ ಜಾಸ್ತಿ ಆದ್ರೆ ಭಾರ ಕಮ್ಮಿ ಆದಂಗೇ.


ಸಂಜೆವಾಕ್ ಬರೆದಿದ್ದು:

ಆಯ್ತಪ್ಪ, ಸೋತೆ. ಆದ್ರೆ ಒಂದು ಮಾತು, ಇಷ್ಟೆಲ್ಲ ಚುಚ್ಚಿ ನೋಡಿ, ಡೈರಿ ಬರೆದು, ಪಟ್ಟಿ ಮಾಡಿ ಮಾಡೋ ಹೊತ್ತಿಗೆ ಮನುಷ್ಯ ಸುಸ್ತಾಗಿ ಮಲಗಿರ್ತಾನೆ.


ಹಾವುಏಣಿ68 ಬರೆದಿದ್ದು (ಒಂಬತ್ತು ವಾರ ಆದ್ಮೇಲೆ):

ಎಲ್ರಿಗೂ ಥ್ಯಾಂಕ್ಸ್, ತಡವಾಗಿ ಬಂದೆ. ಸಂಜೆವಾಕ್ ಅವರೇ, ನಿಮ್ಮ ಮಾತು ಪೂರ್ತಿ ಸುಳ್ಳಲ್ಲ, ಮೊದಲ ವಾರ ವ್ಯಾಯಾಮಕ್ಕಿಂತ ಬರೆಯೋದೇ ಜಾಸ್ತಿ ಆಗಿತ್ತು.

ಡೈರಿಲಿ ಕಂಡಿದ್ದು ಮೊದಲು ಹೇಳ್ತೀನಿ. ಮೆಥೊಟ್ರೆಕ್ಸೇಟ್ ನುಂಗಿದ ಮಾರನೇ ದಿನ ಪ್ರತಿ ವಾರ ಹಿಂಡಿ ಹಾಕ್ದಂಗೆ ಇರುತ್ತೆ, ನಾನು ಪೆದ್ದಿ ಅದೇ ದಿನ ವ್ಯಾಯಾಮ ಇಟ್ಕೊಂಡಿದ್ದೆ ಇಷ್ಟು ದಿನ! ಈಗ ಅದಕ್ಕೆ ಎರಡು ದಿನ ಬಿಟ್ಟು ಮಾಡ್ತೀನಿ, ಅದೂ ಬೆಳಿಗ್ಗೆ ಅಲ್ಲ, ಕೈ ಕಾಲು ಬಿಗಿತ ಬಿಡೋದೇ ಹನ್ನೊಂದಾಗುತ್ತೆ, ಮಧ್ಯಾಹ್ನದ ಮೇಲೆ.

ಮರಳಿನ ಪಟ್ಟಿ ಅರ್ಧ ಅರ್ಧ ಕಿಲೋದು ಬಂತು. ವೆಲ್ಕ್ರೋ ಬಿಚ್ಚೋದು ಬೆರಳಿಗೆ ಕಷ್ಟ ಅಂತ ಯಾರೂ ಹೇಳ್ಲಿಲ್ಲ ನೋಡಿ, ತುದಿಗೆ ಹಳೇ ಕೀ ಬಂಚಿನ ರಿಂಗ್ ಹೊಲಿಸ್ಕೊಂಡೆ, ಹೆಬ್ಬೆರಳು ತೂರ್ಸಿ ಎಳೆದ್ರೆ ಬರುತ್ತೆ. ಮುಂದೋಳಿಗೆ ಕಟ್ಟಿದ್ರೆ ಬೆರಳಿಗೆ ಗೊತ್ತೇ ಆಗಲ್ಲ.

ನಾಲ್ಕನೇ ವಾರ ತಪ್ಪು ಮಾಡಿದೆ. ಎರಡು ದಿನ ಮದುವೆ ಓಡಾಟದಲ್ಲಿ ಬಿಟ್ಟುಹೋಗಿತ್ತು, ಮೂರನೇ ದಿನ ಮೈ ಹಗುರಾಗಿತ್ತು, ಬಾಕಿ ತೀರಿಸೋ ಥರ ಮೂರು ದಿನದ್ದು ಒಟ್ಟಿಗೆ ಮಾಡ್ಬಿಟ್ಟೆ. ಎರಡು ಗಂಟೆ ಲೆಕ್ಕ ಬಿಡಿ, ರಾತ್ರಿಯೆಲ್ಲ ಬಲ ಮಂಡಿ ಹಂಚಿನ ಥರ ಕಾಯ್ತಿತ್ತು. ಅದ್ರಿಂದಲೋ ಅದಾಗೇ ಬಂದಿದ್ದೋ, ಐದನೇ ವಾರ ಫ್ಲೇರ್. ಈ ಸಲ ಎರಡನೇ ಪಟ್ಟಿ ಗೋಡೆಗೆ ಅಂಟಿಸಿದ್ದೆ, ತೊಡೆ ಬಿಗಿ ಹಿಡಿಯೋದು, ಪಾದ ಆಡ್ಸೋದು, ಎಡಗಾಲು ಎತ್ತೋದು. ಮೂರು ದಿನ ಅದೂ ಆಗ್ಲಿಲ್ಲ, ಉಳಿದ ದಿನ ಮಾಡಿದೆ. ಹದಿಮೂರು ದಿನ ಆದ್ಮೇಲೆ ಎದ್ದು ಎಣಿಸಿದ್ರೆ 8. ಮುಂಚೆ 6 ಬರ್ತಿತ್ತು. ದಿಂಬು ಹಾಕ್ಕೊಂಡು ಶುರು ಮಾಡಿದ್ದು, ಈಗ ದಿಂಬಿಲ್ದೆ 10.

ಡಾಕ್ಟ್ರ ಹತ್ರ ಫಿಸಿಯೋ ಸರ್ ಹೇಳ್ಕೊಟ್ಟ ಮಾತನ್ನೇ ಹೇಳಿದೆ. ನಿಜವಾಗ್ಲೂ ಪೆನ್ನು ಕೆಳಗಿಟ್ರು. ಕುರ್ಚಿಯಿಂದ ಎಬ್ಬಿಸಿ, ಭುಜ ಒತ್ತಿ ನೋಡಿ, ಸ್ಟೆರಾಯ್ಡ್ ನಿಧಾನಕ್ಕೆ ಇಳಿಸೋಣ, ಬೇರೆ ಔಷಧಿ ಏರಿಸೋಣ ಅಂದಿದಾರೆ, ಕತ್ತಿನ ಎಕ್ಸ್‌ರೇನೂ ಆಯ್ತು, ಪರವಾಗಿಲ್ಲ.

ಒಂದು ಉಳಿದಿದೆ. ನೆಲದಿಂದ ಏಳಕ್ಕೆ ಆಗಲ್ಲ. ಬಿದ್ರೆ ಏನು ಗತಿ ಅನ್ನೋ ಭಯ. ಮಂಡಿ ಊರಕ್ಕೂ ಆಗಲ್ಲ, ಅಂಗೈ ಊರಕ್ಕೂ ಆಗಲ್ಲ, ಮಣಿಕಟ್ಟು ಮಡಚಲ್ಲ. ಅಭ್ಯಾಸ ಮಾಡೋದು ಹೇಗೆ ಸರ್?


ರಿಟೈರ್ಡ್‌ಫಿಸಿಯೋ ಬರೆದಿದ್ದು:

ಕೀ ರಿಂಗ್ ಐಡಿಯಾ ನಾನು ಕದೀತೀನಿ ಮೇಡಂ.

ನೆಲಕ್ಕೆ ಈಗ್ಲೇ ಇಳೀಬೇಡಿ. ಮೊದಲು ಹಾಸಿಗೆ ಮೇಲೆ ಮಲಗಿ, ಒಂದು ಪಕ್ಕಕ್ಕೆ ಹೊರಳಿ, ಮೊಣಕೈ ಮೇಲೆ ಭಾರ ಹಾಕಿ ಕೂರೋದು ಅಭ್ಯಾಸ ಆಗ್ಲಿ. ಅಂಗೈ ಬೇಡ, ಇಡೀ ಮುಂದೋಳು ಊರಿ. ಅದು ಸಲೀಸಾದ್ಮೇಲೆ ದಪ್ಪ ಹಾಸಿಗೆ ನೆಲಕ್ಕೆ ಹಾಕಿ, ಪಕ್ಕದಲ್ಲಿ ಜಾರದೆ ಇರೋ ಗಟ್ಟಿ ಕುರ್ಚಿ ಗೋಡೆಗೆ ಒತ್ತಿಟ್ಟು, ಹಾಸಿಗೆ ಮೇಲೆ ಎಡ ಮಂಡಿ ಊರಿ, ಅದ್ರ ಕೆಳಗೆ ಇನ್ನೊಂದು ದಿಂಬು. ಎರಡೂ ಮುಂದೋಳು ಕುರ್ಚಿ ಸೀಟಿನ ಮೇಲೆ ಇಟ್ಟು, ಬಲಪಾದ ಮುಂದೆ ತಂದು, ಉಸಿರು ಬಿಡ್ತಾ ಎರಡು ಕಾಲಿಗೂ ಭಾರ ಹಂಚಿ ಏಳಿ, ತಿರುಗಿ ಸೀಟಲ್ಲಿ ಕೂರಿ. ನಿಲ್ಲಕ್ಕೆ ಹೋಗ್ಬೇಡಿ, ಸೀಟಿಗೆ ಬಂದ್ರೆ ಸಾಕು. ಬಲ ಮಂಡಿ ಊದಿರೋ ವಾರ ಇದನ್ನ ಮುಟ್ಬೇಡಿ. ಎಡ ಮಂಡಿನೂ ಊರಕ್ಕಾಗಲ್ಲ ಅಂದ್ರೆ ಇನ್ನೊಂದು ದಾರಿ ಇದೆ, ಕೂತಲ್ಲೇ ಹಿಂದಕ್ಕೆ ತೆವಳ್ಕೊಂಡು ಹೋಗಿ ಮೆಟ್ಟಿಲ ಮೇಲೋ ಗಿಡ್ಡ ಸ್ಟೂಲ್ ಮೇಲೋ ಕುಂಡಿ ಏರ್ಸಿ, ಅಲ್ಲಿಂದ ಕುರ್ಚಿಗೆ. ಮೊದಲ ನಾಲ್ಕೈದು ಸಲ ಮನೇಲಿ ಗಟ್ಟಿಯಾಗಿರೋರು ಯಾರಾದ್ರೂ ಪಕ್ಕದಲ್ಲಿರ್ಲಿ, ರಟ್ಟೆ ಹಿಡಿದು ಎಳೀಬೇಡಿ ಅಂತ ಅವ್ರಿಗೆ ಮುಂಚೆನೇ ಹೇಳಿ, ಸೊಂಟದ ಹತ್ರ ಆಸರೆ ಕೊಟ್ರೆ ಸಾಕು.